ಹಾಲಹಳ್ಳ ದಾಟಿದ ಮೇಲೆ

ದೆವ್ವ, ಗಾಳಿ, ಸೋಂಕು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಈಗ ತೆಲಂಗಾಣಕ್ಕೆ ಸೇರಿದ, ಕೃಷ್ಣಾ ನದಿ ದಂಡೆಯ ಒಂದು ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ದಾಸವಾಳದ ಹೂ ಉಜ್ಜಿದ ಚಾಕುವಿನಿಂದ ನಿಂಬೆಹಣ್ಣು ಕೊಯ್ದು, ಕೆಂಪು ರಸ ತೊಟ್ಟಿಕ್ಕಿಸಿ, ಇದರಲ್ಲಿ ಮಂತ್ರವೂ ಇಲ್ಲ ಮಾಟವೂ ಇಲ್ಲ ಎಂದು ಮಕ್ಕಳಿಗೆ ತೋರಿಸುವುದು ಪ್ರತಿ ವರ್ಷ ನನ್ನ ಮೊದಲ ಪಾಠ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ನಡುವೆ ಬಾಯಿ ಹಾಕಿ, ಅವತ್ತು ಜ್ವರ ಇತ್ತೇ, ಊಟ ಮಾಡಿದ್ದಿರೇ, ಬೆಳಕು ಎಷ್ಟಿತ್ತು ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದೆ. ಹೇಳುವವರ ಉತ್ಸಾಹವೆಲ್ಲ ಅಲ್ಲಿಗೇ ಇಳಿದುಹೋಗುತ್ತಿತ್ತು. ಈಗ ಹೇಳುವ ಸರದಿ ನನ್ನದು. ನೀವು ಅವೇ ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ. ನಾನೇ ನನಗೆ ಅವನ್ನು ಸಾಕಷ್ಟು ಸಲ ಕೇಳಿಕೊಂಡಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಈ ಸಂಗತಿಯಲ್ಲಿ ನನ್ನ ಜೊತೆಗಿದ್ದ ಗೆಳೆಯ ಶರಣಪ್ಪನಿಗೆ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇದೆ. ಸೀರೆ ನೋಡಲು ಬಂದವರಿಗೆಲ್ಲ ಅವನು ಇದನ್ನು ಹೇಳಿ ಹೇಳಿ, ಸಲಕ್ಕೊಂದು ಚಿಟಿಕೆಯಂತೆ ಮಸಾಲೆ ಹೆಚ್ಚಿಸಿದ್ದಾನೆ. ಈಚೆಗೆ ಅವನ ಕಥೆಯಲ್ಲಿ ನನ್ನ ತಲೆಯ ಸುತ್ತ ಬೆಳಕು ಕೂಡ ಬಂದಿದೆಯಂತೆ. ಹಾಗಾಗಿ ನಡೆದದ್ದನ್ನು ನಡೆದಷ್ಟೇ ಬರೆದಿಡುತ್ತೇನೆ.

ತೆಲಂಗಾಣ ಹೊಸ ರಾಜ್ಯವಾದ ಶುರುವಿನ ವರ್ಷಗಳು. ಗಾಡಿಗಳ ನಂಬರಿನಲ್ಲಿ ಎ.ಪಿ. ಹೋಗಿ ಟಿ.ಎಸ್. ಬರುತ್ತಿತ್ತು. ಅರ್ಧ ಬೋರ್ಡುಗಳಿಗೆ ಹೊಸ ಬಣ್ಣ ಹಚ್ಚಿ ಅರ್ಧ ಹಾಗೇ ಬಿಟ್ಟಿದ್ದರು. ನಮ್ಮ ಸೀಮೆಯನ್ನೂ ನಾಲ್ಕು ಜನ ಬಂದು ನೋಡಲಿ ಎಂಬ ಹುರುಪು ಎಲ್ಲರಿಗೂ ಇದ್ದ ಕಾಲ. ಹೈದರಾಬಾದಿನ ಕೆಲವು ಸೈಕಲ್ ಹುಚ್ಚಿನ ಗೆಳೆಯರು ಸೇರಿ ನಮ್ಮಲ್ಲಿ ಒಂದು ದೂರದ ಟ್ರಯಥ್ಲಾನ್ ಇಟ್ಟುಕೊಂಡರು. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ, ಮೂರೂ ಒಂದೇ ದಿನ, ಒಂದರ ಬೆನ್ನಿಗೆ ಒಂದು. ನಡುವೆ ಬಟ್ಟೆ ಬದಲಿಸುವಷ್ಟೇ ಬಿಡುವು. ಕೃಷ್ಣೆಯಲ್ಲೇ ಈಜಿಸಬೇಕೆಂದು ಅವರ ಆಸೆ. ಹೊಳೆಯಲ್ಲಿ ಮೊಸಳೆಗಳಿವೆ ಎಂದು ಅಂಬಿಗರು ನಕ್ಕ ಮೇಲೆ ಮಕ್ತಲ್ ಹತ್ತಿರದ ಒಂದು ದೊಡ್ಡ ಕೆರೆ ಆರಿಸಿಕೊಂಡರು. ಅಲ್ಲಿ ಈಜಿ, ಸೈಕಲ್ ಮೇಲೆ ನಾರಾಯಣಪೇಟೆ, ದಾಮರಗಿದ್ದ ಮುಟ್ಟಿ, ತಿರುಗಿ ಮಕ್ತಲ್ ದಾಟಿ, ಕೃಷ್ಣೆಯ ಅಣೆಕಟ್ಟಿನ ಮೇಲೆ ಹಾಯ್ದು ಗದ್ವಾಲ ಸೇರುವುದು. ಅಲ್ಲಿಂದ ಮಲ್ದಕಲ್‌ಗೆ ಓಡಿಹೋಗಿ, ಮತ್ತೆ ಗದ್ವಾಲಕ್ಕೆ ಓಡಿಬರುವುದು. ಬೆಳಕು ಹರಿಯುವಾಗ ಶುರುವಾಗಿ ರಾತ್ರಿ ಊಟದ ಹೊತ್ತಿಗೆ ಮುಗಿಯಬೇಕು.

ನಾನು ಹೆಸರು ಕೊಟ್ಟದ್ದರಲ್ಲಿ ಆಶ್ಚರ್ಯವಿರಲಿಲ್ಲ. ಕುರುಬರ ಮನೆಯವನು, ಕಾಲು ಗಟ್ಟಿ. ಬಾವಿಯಲ್ಲಿ ಈಜು ಕಲಿತವನು, ಶಾಲೆಗೆ ದಿನಾ ಸೈಕಲ್ ಮೇಲೇ ಹೋಗಿಬರುವವನು. ಶರಣಪ್ಪ ಹೆಸರು ಕೊಟ್ಟದ್ದು ಮಾತ್ರ ನಾರಾಯಣಪೇಟೆಯ ಬಜಾರಿಗೆಲ್ಲ ತಮಾಷೆಯಾಯಿತು. ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವ ದೊಡ್ಡ ಮೈಯ ಮನುಷ್ಯ. ಡಾಕ್ಟರು ತೂಕ ಇಳಿಸಿ ಎಂದರೆಂದು ನನ್ನ ಜೊತೆ ನಡೆಯಲು ಬಂದ, ನಡೆಯುತ್ತ ಓಡತೊಡಗಿದ, ಓಡುತ್ತ ಸೈಕಲ್ ಕೊಂಡ. ಅವನದು ಒಂದೇ ದೋಷ. ಯಾರು ಏನು ಕೊಟ್ಟರೂ ಬೇಡ ಅನ್ನಲು ಬಾರದು. ಸ್ಪರ್ಧೆಯ ಹಿಂದಿನ ಸಂಜೆ ಅವನ ಹೆಂಡತಿ ಗೌರಮ್ಮ ನನ್ನ ಮುಂದೆಯೇ ಅವನಿಗೆ ತಾಕೀತು ಮಾಡಿದರು.

“ಹಾದ್ಯಾಗ ಯಾರರ ಏನರ ಕೊಟ್ರ ಬ್ಯಾಡ ಅನ್ರಿ. ಒಂದು ದಿನ ಅನ್ರಿ, ಸಾಕು.”

ಅವನು ಹೂಂ ಎಂದ. ಹೆಂಡತಿಗೂ ಇಲ್ಲ ಅನ್ನಲು ಅವನಿಗೆ ಬಾರದಲ್ಲ.

ಇಲ್ಲಿ ನನ್ನ ಅಪ್ಪನ ಒಂದು ಪದ್ಧತಿಯನ್ನು ಹೇಳಬೇಕು. ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅಪ್ಪ ಕುರಿ ಕಾಯುವವನು. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಕೃಷ್ಣೆ ದಾಟಿ ಗದ್ವಾಲ, ಮಲ್ದಕಲ್ ಕಡೆಗೆ ಹೋಗುತ್ತಿದ್ದ. ಹೊಲಕ್ಕೆ ಗೊಬ್ಬರವಾಗಲೆಂದು ಅಲ್ಲಿನ ರೈತರು ಮಂದೆ ನಿಲ್ಲಿಸಿಕೊಂಡು ಜೋಳ ಕೊಡುತ್ತಿದ್ದರು. ತಿರುಗಿ ಮನೆಗೆ ಬರುವಾಗ ಯಾವುದಾದರೂ ಕುರಿ ದಾರಿಯಲ್ಲಿ ಬಿದ್ದರೆ, ಅಪ್ಪ ಮಂದೆಯನ್ನು ತನ್ನ ತಮ್ಮನ ಕೈಗೆ ಬಿಟ್ಟು ತಾನು ಆ ಕುರಿಯ ಹತ್ತಿರ ಉಳಿಯುತ್ತಿದ್ದ. ಹೆಗಲ ಮೇಲಿನ ಕಂಬಳಿಯನ್ನು ಅದಕ್ಕೆ ಹೊದಿಸಿ, ಅದರ ಕಿವಿಯ ಹತ್ತಿರ ಬಾಯಿ ಒಯ್ದು, ಮನೆಯ ತನಕ ಮುಂದೆ ಬರುವ ತಂಗುವ ಜಾಗಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ. ಕರಿಗುಂಡು ಬರ್ತತಿ, ಜೋಡಿಬೇವು ಬರ್ತತಿ, ಹಾಲಹಳ್ಳ ಬರ್ತತಿ. ಆಮೇಲೆ ಒಂದು ಉಸಿರು ತಡೆದು, ಉಪ್ಪಿನದಿಬ್ಬ ಬರ್ತತಿ, ಬೀರಪ್ಪನ ಕಟ್ಟಿ ಬರ್ತತಿ, ಮನಿ ಬರ್ತತಿ. ಮುಗಿದರೆ ಮತ್ತೆ ಮೊದಲಿಂದ. ಇವು ಊರುಗಳಲ್ಲ. ಒಂದು ಬಂಡೆ, ಎರಡು ಬೇವಿನ ಮರ, ಒಂದು ಹಳ್ಳ. ಆ ಹಾದಿಯ ಕುರುಬರ ಹೊರತು ಯಾರಿಗೂ ಬೇಕಿಲ್ಲದ ಹೆಸರುಗಳು. ಹಾದಿ ಕಿವಿಯಲ್ಲಿದ್ದರೆ ಬಿದ್ದ ಜೀವ ಎದ್ದು ನಡೆಯುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ.

ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದವನು. ರಜೆಯಲ್ಲಿ ಮಂದೆಯ ಹಿಂದೆ ಹೋಗುವಷ್ಟು ದೊಡ್ಡವನಾದಾಗ ಕೃಷ್ಣೆಗೆ ಅಣೆಕಟ್ಟು ಬಂದು ನೀರು ನಿಂತಾಗಿತ್ತು. ಮಂದೆ ಆಗಲೇ ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ದಾಟುತ್ತಿತ್ತು. ಒಂದು ಸಲ ಅಪ್ಪ ಹೀಗೆ ಕೂತು ಹೆಸರು ಹೇಳುತ್ತಿದ್ದಾಗ, ಕುರಿ ಏಳುವುದು ಕಂಬಳಿಯ ಶಾಖದಿಂದ ಮತ್ತು ವಿಶ್ರಾಂತಿಯಿಂದ, ನಿನ್ನ ಹೆಸರುಗಳಿಂದ ಅಲ್ಲ ಎಂದು ವಾದ ಮಾಡಿದೆ. ಅಪ್ಪ ಸಿಟ್ಟಾಗಲಿಲ್ಲ.

“ಕುರಿಗಿ ತಿಳೀತತೋ ಇಲ್ಲೋ ನನಗೇನು ಗೊತ್ತಪಾ. ಕೂತವಗ ಹೊತ್ತು ಹೋಗಬೇಕಲ್ಲ,” ಎಂದ.

ಈ ಉತ್ತರ ನನಗೆ ಈಗಲೂ ಇಷ್ಟ. ರಾಜ್ಯವಾಗುವ ಮೊದಲೇ ಅಪ್ಪ ತೀರಿಕೊಂಡ. ಅವನ ಕಂಬಳಿ ಅವನ ಜೊತೆಗೇ ಮಣ್ಣಿಗೆ ಹೋಯಿತು. ಹೆಸರುಗಳು ನನ್ನಲ್ಲಿ ಉಳಿದವು. ದೂರ ಓಡುವಾಗ ಹೆಜ್ಜೆಗೆ ಸರಿಯಾಗಿ ಮನಸ್ಸಿನಲ್ಲೇ ಅವನ್ನು ಹೇಳಿಕೊಳ್ಳುತ್ತಿದ್ದೆ. ಹಾಲಹಳ್ಳ ಆದ ಮೇಲೆ ಅಪ್ಪನ ಹಾಗೆ ಒಂದು ಉಸಿರು ತಡೆದು ಮುಂದಿನದಕ್ಕೆ ಹೋಗುತ್ತಿದ್ದೆ. ಅದು ಉಸಿರು ತೆಗೆದುಕೊಳ್ಳುವ ಜಾಗ ಅಂದುಕೊಂಡಿದ್ದೆ. ನಂಬಿಕೆಯಿಂದಲ್ಲ, ಅಪ್ಪ ಹೇಳಿದ ಹಾಗೆ ಹೊತ್ತು ಹೋಗಲೆಂದು. ಯಾರಿಗೂ ಇದನ್ನು ಹೇಳಿರಲಿಲ್ಲ. ನಿಂಬೆಹಣ್ಣಿನ ಮಾಸ್ತರ ಕುರಿಗೆ ಹೇಳುವ ಮಂತ್ರ ಹೇಳಿಕೊಂಡು ಓಡುತ್ತಾನೆ ಎಂದು ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು.

ಚಳಿಗಾಲದ ಬೆಳಗು. ಕೆರೆಯ ಮೇಲೆ ಮಂಜು ತೆಳ್ಳಗೆ ಹರಡಿತ್ತು. ನಾವು ಈಜುವಾಗ ಹರಿಗೋಲಿನವರು ಅಕ್ಕಪಕ್ಕ ಸುತ್ತುತ್ತ ಕಾವಲಿದ್ದರು. ಏರಿಯ ಮೇಲೆ ಜನ ನೆರೆದಿದ್ದರು. ಒಬ್ಬ ಮುದುಕಿ ಯಾರು ಮುಳುಗಿದ್ದಾರೆ, ಇಷ್ಟು ಮಂದಿ ಹುಡುಕುತ್ತಿದ್ದಾರಲ್ಲ ಎಂದು ಕೇಳಿದಳಂತೆ. ದಡ ಹತ್ತಿ ನಡುಗುತ್ತ ಬಟ್ಟೆ ಬದಲಿಸಿ ಸೈಕಲ್ ಹಿಡಿದೆವು. ಎರಡೂ ಕಡೆ ಜೋಳ, ತೊಗರಿ, ನಡುನಡುವೆ ಗುಂಡುಕಲ್ಲಿನ ಗುಡ್ಡ. ಬಿಸಿಲು ಏರುವ ಮೊದಲು ಆ ರಸ್ತೆಯಲ್ಲಿ ಹೋಗುವುದು ಎಷ್ಟು ಸುಖವೆಂದರೆ, ಹೈದರಾಬಾದಿನಿಂದ ಬಂದವರು ಇಳಿದು ಇಳಿದು ಫೋಟೋ ತೆಗೆಯುತ್ತಿದ್ದರು.

ಶರಣಪ್ಪನ ಕಷ್ಟ ನಾರಾಯಣಪೇಟೆಯಲ್ಲಿ ಶುರುವಾಯಿತು. ಬಜಾರಿನವರು ಮಾಲೆ ಹಿಡಿದು ನಿಂತಿದ್ದರು. ಮಾಲೆಯ ಹಿಂದೆ ಮಂಡಾಳ ಒಗ್ಗರಣಿ ಎಂಬ ಮಂಡಕ್ಕಿ ತಿಂಡಿ, ಒಗ್ಗರಣಿಯ ಮೇಲೆ ಬಿಸಿ ಮಿರ್ಚಿ ಭಜಿ. ನಾನು ಕೈ ಮುಗಿದು ಮುಂದೆ ಹೋದೆ. ಅವನು ಇಳಿದ. ಮುಂದಿನ ಪ್ರತಿ ಹಳ್ಳಿಯಲ್ಲೂ ಅದೇ ಕಥೆ. ದಾಮರಗಿದ್ದದಲ್ಲಿ ಸಜ್ಜಿರೊಟ್ಟಿ, ಪುಂಡಿಪಲ್ಯ. ಎಲ್ಲಿ ನೋಡಿದರೂ ಮಜ್ಜಿಗೆ, ಸಾಲದ್ದಕ್ಕೆ ತಂಬಿಗೆ ತಂಬಿಗೆ ನೀರು. ನಮ್ಮ ಕಡೆಯವರಿಗೆ ಬಿಸಿಲಲ್ಲಿ ಬೆವರುತ್ತ ಹೋಗುವವನನ್ನು ಸುಮ್ಮನೆ ಹೋಗಲು ಬಿಟ್ಟರೆ ಅವಮಾನ. ಸ್ಪರ್ಧೆ ಗಿರ್ಧೆ ಅವರಿಗೆ ಬೇಕಿಲ್ಲ. ಒಂದು ಕಡೆ ನಾನು ಅವನಿಗಾಗಿ ಕಾದು ನಿಂತು, ಗೌರಮ್ಮನವರಿಗೆ ಹೇಳುತ್ತೇನೆ ನೋಡು ಎಂದು ಗದರಿದೆ. ಅವನು ಬಾಯಿ ಒರೆಸಿಕೊಳ್ಳುತ್ತ ಬಂದ.

“ಮಾಸ್ತರ, ಆಯಮ್ಮ ಬಿಸಲಾಗ ತಂಬಿಗಿ ಹಿಡ್ಕೊಂಡು ನಿಂತಾಳ. ಹೆಂಗ ಬ್ಯಾಡ ಅನ್ನಲಿ? ನೀ ನಡಿ, ನಾ ಹಿಂದ ಬರ್ತೀನಿ.”

ನಾನು ನಡೆದೆ. ಅಣೆಕಟ್ಟಿನ ಮೇಲೆ ಹೋಗುವಾಗ ಒಂದು ಕಡೆ ಕಣ್ಣಿಗೆ ನಿಲುಕದಷ್ಟು ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಅಡಿಯಲ್ಲಿ ಏನಿದೆ ಎಂದು ಅವತ್ತು ನನಗೆ ಯೋಚನೆಯೇ ಬರಲಿಲ್ಲ. ಗದ್ವಾಲದಲ್ಲಿ ಸೈಕಲ್ ಒಪ್ಪಿಸಿ ಬೂಟಿನ ಲೇಸು ಕಟ್ಟುತ್ತಿದ್ದಾಗ ಶರಣಪ್ಪ ಬಂದು ತಲುಪಿದ. ಮುಖ ಕೆಂಪಗಿತ್ತು, ಖುಷಿಯಾಗಿದ್ದ. ಹೊಟ್ಟೆ ಮಾತ್ರ ಜರಾ ಗುಡುಗುಡು ಅನ್ನುತ್ತಿದೆ ಎಂದ. ನಿಧಾನವಾಗಿ ಬಾ ಎಂದು ಹೇಳಿ ನಾನು ಓಡತೊಡಗಿದೆ.

ಹಗಲೆಲ್ಲ ದುಡಿದ ಕಾಲು ಓಟಕ್ಕೆ ಒಪ್ಪುವುದಿಲ್ಲ. ಮಲ್ದಕಲ್ ರಸ್ತೆಯಲ್ಲಿ ಒಂದು ಸಣ್ಣ ಮೋರಿ, ಅದರ ಪಕ್ಕ ಜಾಲಿಯ ದಟ್ಟ ಪೊದೆ. ಅದನ್ನು ದಾಟುವ ಹೊತ್ತಿಗೆ ನನ್ನ ಮೈಯಲ್ಲಿ ಏನೂ ಉಳಿದಿರಲಿಲ್ಲ. ಎಂದಿನಂತೆ ಅಪ್ಪನ ಹೆಸರುಗಳನ್ನು ಹಿಡಿದೆ. ಅಲ್ಲಿಂದ ಮಲ್ದಕಲ್ ತನಕ ನನಗೆ ಹೆಚ್ಚಿಗೆ ನೆನಪಿಲ್ಲ. ಹೆಸರುಗಳು ಸುತ್ತುತ್ತಿದ್ದವು, ಕಾಲು ಹೋಗುತ್ತಿದ್ದವು. ಹೆಗಲ ಮೇಲಿನದೇನೋ ಇಳಿಸಿಟ್ಟ ಹಾಗೆ ಭುಜ ಹಗುರವಾಗಿ, ತಣ್ಣಗೆ ಅನ್ನಿಸಿದ್ದು ಮಾತ್ರ ಗೊತ್ತು. ದೂರ ಓಡುವವರಿಗೆಲ್ಲ ಇಂಥದು ಆಗುತ್ತದೆ. ಆಗ ನಾನು ಅದಕ್ಕೆ ಬೆಲೆ ಕೊಡಲಿಲ್ಲ, ಈಗಲೂ ಹೆಚ್ಚು ಕೊಡಲಾರೆ.

ಮಲ್ದಕಲ್‌ನಲ್ಲಿ ತಿರುವು. ಅಲ್ಲಿದ್ದವರು ಬಾಳೆಹಣ್ಣು ಕೊಟ್ಟು, ನಾನು ತಿನ್ನುವಾಗ ಫೋಟೋ ತೆಗೆದರು. ಹೊತ್ತು ಇಳಿಯುತ್ತಿತ್ತು. ತಿರುಗಿ ಬರುವಾಗ ಎದುರಿಗೆ ಹಿಂದುಳಿದ ಓಟಗಾರರು ಒಬ್ಬೊಬ್ಬರೇ ಸಿಕ್ಕರು, ಶರಣಪ್ಪ ಸಿಗಲಿಲ್ಲ. ಓಟಗಾರರಿಗೆಂದು ದಾರಿಯಲ್ಲಿ ಇಟ್ಟಿದ್ದ ನೀರಿನ ಮೇಜಿನ ಹತ್ತಿರ ನಿಂತು ಕೇಳಿದೆ. “ಆ ಲಾವು ಸಾರ್ ಬಂಡಿ ಎಕ್ಕಿ ಪೋಯಿಂಡು,” ದಪ್ಪನೆಯ ಸಾರ್ ಗಾಡಿ ಹತ್ತಿ ಹೋದರು ಎಂದರು. ಪಾಪ, ಅವರು ಸುಳ್ಳು ಹೇಳಲಿಲ್ಲ. ಬೇರೆ ಯಾರೋ ದಪ್ಪ ಮನುಷ್ಯ ಆಟೋ ಹತ್ತಿದ್ದ. ನನಗೆ ಒಂದು ಕಡೆ ಬೇಜಾರು, ಒಂದು ಕಡೆ ನಿರಾಳ. ಹೇಗೂ ಗದ್ವಾಲ ಸೇರಿ ಮಲಗಿರುತ್ತಾನೆ, ನಾನಾದರೂ ಮುಗಿಸೋಣ ಎಂದು ಓಟ ಮುಂದುವರಿಸಿದೆ. ಸಮಯ ಸಾಕಷ್ಟಿತ್ತು, ಮುಗಿಸುವ ಧೈರ್ಯವೂ ಬಂದಿತ್ತು.

ಮೋರಿಯ ಹತ್ತಿರ ಬಂದಾಗ ಸೂರ್ಯ ಮುಳುಗಿ ಬರೀ ಕೆಂಪು ಉಳಿದಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಗಾಳಿ ತಣ್ಣಗಾಗಿತ್ತು. “ಜೋಡಿಬೇವು ಬರ್ತತಿ” ಎಂದು ಕೇಳಿಸಿತು. ನನ್ನ ಮನಸ್ಸೇ ಹೇಳುತ್ತಿದೆ ಅಂದುಕೊಂಡೆ. ನಾಲ್ಕು ಹೆಜ್ಜೆ ಹೋದ ಮೇಲೆ, ಆಗ ನಾನು ಹೆಸರು ಹೇಳಿಕೊಳ್ಳುತ್ತಿರಲೇ ಇಲ್ಲ ಎಂದು ಹೊಳೆಯಿತು. ನಿಂತೆ. ಬಾಯಿ ಮುಚ್ಚಿ ಉಸಿರು ಬಿಗಿಹಿಡಿದೆ.

“ಹಾಲಹಳ್ಳ ಬರ್ತತಿ,” ಎಂದಿತು ಧ್ವನಿ, ಜಾಲಿಯ ಒಳಗಿನಿಂದ.

ನಾನು ಹೆದರಿದೆ. ಇದನ್ನು ಮುಚ್ಚಿಡುವುದಿಲ್ಲ. ತೋಳಿನ ಕೂದಲು ನಿಂತದ್ದು ನನಗೆ ಕಾಣಿಸಿತು. ಓಡಿಹೋಗಬೇಕೆಂದು ಕಾಲು ತಾವೇ ತಿರುಗಿದ್ದವು. ಆದರೆ ಅದು ಅಪ್ಪನ ಧ್ವನಿಯಾಗಿರಲಿಲ್ಲ. ಗಿರಾಕಿಗೆ ಸೀರೆಯ ಬಣ್ಣ ಹೇಳುವವನ ಹಾಗೆ ಎಳೆದು ಎಳೆದು ಹೇಳುವ, ನಾರಾಯಣಪೇಟೆಯ, ನನಗೆ ಚೆನ್ನಾಗಿ ಗೊತ್ತಿದ್ದ ಧ್ವನಿ.

ಪೊದೆಯ ಆ ಬದಿಗೆ ಶರಣಪ್ಪ ಮಗ್ಗುಲಾಗಿ ಬಿದ್ದಿದ್ದ. ಹೊಟ್ಟೆ ಕೆಟ್ಟು ರಸ್ತೆ ಬಿಟ್ಟು ಮರೆಗೆ ಹೋದವನು ಅಲ್ಲೇ ಕುಸಿದಿದ್ದ. ವಾಂತಿಯಾಗಿತ್ತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಆಡುತ್ತಿತ್ತು. ಹಣೆ ಮುಟ್ಟಿದರೆ ತಣ್ಣಗೆ. ಅವನನ್ನು ಎತ್ತಿ ಕೂರಿಸಲು ಬೆನ್ನಿಗೆ ಕೈ ಹಾಕಿದೆ. ಬೆನ್ನು, ಪಕ್ಕೆ, ಎದೆ ಎಲ್ಲ ಬೆಚ್ಚಗಿದ್ದವು. ಆಗತಾನೆ ಹೊದಿಕೆ ಸರಿಸಿದ ಮೈಯ ಹಾಗೆ. ಮೈಮೇಲೆ ಬನಿಯನ್ ಬಿಟ್ಟರೆ ಏನೂ ಇರಲಿಲ್ಲ.

“ಕಂಬಳಿ ಯಾಕ ತಗೊಂಡಿ, ಮಾಸ್ತರ?” ಎಂದ, ಕಣ್ಣು ತೆರೆಯದೆ.

“ಯಾವ ಕಂಬಳಿ?”

“ಈಗಿನ ತನಾ ನೀನ ಹೊಚ್ಚಿ ಕೂತಿದ್ದಿ. ಚುಚ್ಚಾಕತ್ತಿತ್ತು. ಆದ್ರ ಬೆಚ್ಚಗಿತ್ತು.”

ನಾನು ರಸ್ತೆಗೆ ಓಡಿ, ಬರುತ್ತಿದ್ದ ಒಂದು ಮೋಟಾರ್ ಸೈಕಲ್ ನಿಲ್ಲಿಸಿದೆ. ಗಂಡ ಹೆಂಡತಿ ಹೊಲದಿಂದ ಮನೆಗೆ ಹೊರಟವರು. ನನ್ನ ಫೋನು ಗದ್ವಾಲದಲ್ಲಿ ಚೀಲದೊಳಗಿತ್ತು. ನೀರಿನ ಮೇಜಿನವರಿಗೆ ಹೇಳಿ ಆ್ಯಂಬುಲೆನ್ಸ್ ಕರೆಸಿ ಎಂದು ಬೇಡಿಕೊಂಡೆ. ಅವರು ಗಾಡಿ ತಿರುಗಿಸಿದರು. ಆಮೇಲೆ ಕಾಯುವುದೊಂದೇ ಉಳಿದಿದ್ದು.

ನನ್ನ ಜೀವನದಲ್ಲಿ ಅಷ್ಟು ಉದ್ದದ ಕಾಯುವಿಕೆ ಇನ್ನೊಂದಿಲ್ಲ. ಅವನು ಜಾರಿಜಾರಿ ಹೋಗುತ್ತಿದ್ದ. ಕೆನ್ನೆ ತಟ್ಟಿದರೆ ಒಂದು ಕ್ಷಣ ಬರುತ್ತಿದ್ದ, ಮತ್ತೆ ಕತ್ತು ವಾಲುತ್ತಿತ್ತು. ಗೌರಮ್ಮನವರ ಮುಖ ಕಣ್ಣ ಮುಂದೆ ಬಂತು. ಇವನು ಇಲ್ಲೇ ಹೋಗಿಬಿಟ್ಟರೆ ಅವರಿಗೆ ಏನು ಹೇಳಲಿ. ಓದಿದ ವಿಜ್ಞಾನದಲ್ಲಿ ಆ ಹೊತ್ತಿಗೆ ಬೇಕಾದ ಒಂದು ಸಾಲೂ ನೆನಪಾಗಲಿಲ್ಲ.

“ಸುಮ್ಮನ ಯಾಕಾದಿ? ಹೇಳು,” ಎಂದ ಶರಣಪ್ಪ.

ಅಪ್ಪನ ಜೊತೆ ಅಷ್ಟು ಸಲ ಹೋದರೂ ಯಾವ ಕುರಿಯ ಕಿವಿಯಲ್ಲೂ ನಾನು ಹೇಳದಿದ್ದದ್ದನ್ನು ಅವತ್ತು ಹೇಳಿದೆ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ಬಗ್ಗಿ, ಕಿವಿಯ ಹತ್ತಿರ ಬಾಯಿ ಒಯ್ದು ಶುರುಮಾಡಿದೆ. ಕರಿಗುಂಡು ಬರ್ತತಿ. ಜೋಡಿಬೇವು ಬರ್ತತಿ. ಹಾಲಹಳ್ಳ ಬರ್ತತಿ. ಅಭ್ಯಾಸದಂತೆ ಅಲ್ಲಿ ಉಸಿರು ತಡೆದೆ.

“ನೀಲಮ್ಮನ ಕಡವು ಬರ್ತತಿ,” ಎಂದ ಅವನು. “ಅದನ್ಯಾಕ ಬಿಟ್ಟಿ?”

ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಕಡವು ಅಂದರೆ ಹೊಳೆ ದಾಟುವ ಜಾಗ ಎಂದಷ್ಟೇ ಗೊತ್ತು. ಕೇಳಲು ಅದು ಹೊತ್ತಲ್ಲ. ಉಪ್ಪಿನದಿಬ್ಬ ಎಂದೆ, ಬೀರಪ್ಪನ ಕಟ್ಟಿ ಎಂದೆ, ಮನಿ ಎಂದೆ, ಮತ್ತೆ ಮೊದಲಿಂದ ಹಿಡಿದೆ. ಪ್ರತಿ ಸುತ್ತಿನಲ್ಲೂ ಹಾಲಹಳ್ಳದ ನಂತರ ನಾನು ನಿಲ್ಲುತ್ತಿದ್ದೆ, ಅವನು ಆ ಹೆಸರು ಸೇರಿಸುತ್ತಿದ್ದ. ಒಮ್ಮೆ ಸೇರಿಸದೆ ಸುಮ್ಮನಾದಾಗ ಭುಜ ಹಿಡಿದು ಅಲ್ಲಾಡಿಸಿದೆ. ಸ್ವಲ್ಪ ತಡೆದು, ಹೇಳಿದ. ಹೀಗೆ ಹೇಳುತ್ತ ಕೂತಿದ್ದಾಗಲೇ ದೂರದಲ್ಲಿ ಆ್ಯಂಬುಲೆನ್ಸಿನ ದೀಪ ಕಂಡಿತು.

ಗದ್ವಾಲದ ಆಸ್ಪತ್ರೆಯ ಡಾಕ್ಟರು ತಿಳಿಸಿ ಹೇಳಿದರು. ವಿಪರೀತ ಬೆವರು, ಅದರ ಮೇಲೆ ವಾಂತಿ, ಭೇದಿ, ಮೇಲಿಂದ ಮೇಲೆ ಕುಡಿದ ನೀರು, ಎಲ್ಲ ಸೇರಿ ರಕ್ತದಲ್ಲಿ ಉಪ್ಪಿನ ಅಂಶ ಇಳಿದುಹೋಗಿತ್ತು. ಎಚ್ಚರ ಪೂರ್ತಿ ತಪ್ಪಿ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಮಾತಾಡಿಸುತ್ತ ಇಟ್ಟದ್ದು ಒಳ್ಳೆಯದಾಯಿತು ಎಂದರು. ಇಂಥ ಸ್ಥಿತಿಯಲ್ಲಿ ಇಲ್ಲದವರು ಕಾಣಿಸುತ್ತಾರೆ, ಇಲ್ಲದ್ದು ಕೇಳಿಸುತ್ತದೆ ಎಂದೂ ಹೇಳಿದರು. ನನಗೆ ಬಹಳ ಸಮಾಧಾನವಾಯಿತು. ನಾನು ಬೇರೆಯವರಿಗೆ ಹೇಳುತ್ತಿದ್ದ ಮಾತೇ ಅದು. ಗೌರಮ್ಮ ಬಂದವರು ಗಂಡನ ಕೈ ಹಿಡಿದು ಕೂತು ಬಹಳ ಹೊತ್ತು ಅತ್ತರು. ಅವನು ಅರೆಎಚ್ಚರದಲ್ಲಿ ಏನೋ ಹೇಳಿದ್ದನ್ನು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ನೀವು ಮಧ್ಯಾನದಿಂದ ಹತ್ರ ಕೂತಿದ್ರಿ ಅಂತ ಉಳದಾರ, ಅಣ್ಣಾರ.”

ಮಧ್ಯಾಹ್ನದಿಂದ ನಾನಿರಲಿಲ್ಲ ಎಂದು ಆ ಹೊತ್ತಿನಲ್ಲಿ ಹೇಳಲಾಗಲಿಲ್ಲ.

ಮರುದಿನ ಶರಣಪ್ಪ ಪೂರ್ತಿ ಎಚ್ಚರವಾಗಿ, ಎದ್ದು ಕೂತು ಹೇಳಿದ. ಬಿದ್ದ ಸ್ವಲ್ಪ ಹೊತ್ತಿಗೆ ನಾನು ರಸ್ತೆಯ ಕಡೆಯಿಂದ ಬಂದೆನಂತೆ. ಎದೆಯ ಮೇಲೆ ಓಟದ ನಂಬರು ಹಾಗೇ ಇತ್ತಂತೆ, ಹೆಗಲ ಮೇಲೆ ಕರಿ ಕಂಬಳಿ. ಗಡಿಬಿಡಿ ಇಲ್ಲದೆ ಪಕ್ಕದಲ್ಲಿ ಕೂತು, ಕಂಬಳಿ ಹೊದಿಸಿ, ಕಿವಿಯಲ್ಲಿ ಹೆಸರು ಹೇಳುತ್ತ ಹೋದೆನಂತೆ. ಅವನು ಬಾಯಿಪಾಠ ಮಾಡುವಷ್ಟು ಸಲ. ನಿದ್ದೆ ಬಂದರೆ ಭುಜ ಹಿಡಿದು ಅಲ್ಲಾಡಿಸುತ್ತಿದ್ದೆನಂತೆ. ಓಟ ಬಿಟ್ಟು ಕೂತಿಯಲ್ಲ ಎಂದು ಅವನಿಗೆ ಬೇಜಾರೂ ಆಯಿತಂತೆ. ಆ ಹೊತ್ತಿಗೆ ನಾನು ಮಲ್ದಕಲ್‌ನಲ್ಲಿದ್ದೆ ಎಂದು, ಬಾಳೆಹಣ್ಣು ತಿನ್ನುವ ಫೋಟೋ ತರಿಸಿ ತೋರಿಸಿದೆ. ಅವನು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ.

“ಇಂವ ಬ್ಯಾರೆ ಯಾರೋ. ನೀ ನನ್ನ ಹತ್ರ ಇದ್ದಿ,” ಎಂದ.

ಅವನ ಜೊತೆ ವಾದ ಮಾಡಿ ಉಪಯೋಗವಿರಲಿಲ್ಲ. ನನ್ನಷ್ಟಕ್ಕೆ ನಾನೇ ಲೆಕ್ಕ ಹಾಕಿದೆ. ಅಭ್ಯಾಸಕ್ಕೆಂದು ಒಟ್ಟಿಗೆ ಓಡುವಾಗ ನನಗೆ ಗೊತ್ತಿಲ್ಲದೆ ನಾನು ಹೆಸರುಗಳನ್ನು ಗಟ್ಟಿಯಾಗಿ ಗೊಣಗಿರಬಹುದು. ಅವು ಅವನ ತಲೆಯಲ್ಲಿ ಎಲ್ಲೋ ಕೂತಿದ್ದು, ಉಪ್ಪು ಇಳಿದಾಗ ಮೇಲೆ ಬಂದಿರಬಹುದು. ಕಂಬಳಿ ಅರೆಎಚ್ಚರದ ಕನಸು. ಬೆಚ್ಚಗಿದ್ದ ಬೆನ್ನಿಗೂ ಏನೋ ಒಂದು ಕಾರಣ ಸಿಕ್ಕೀತು. ಎಲ್ಲ ಸರಿಹೋಯಿತು, ಆ ಒಂದು ಹೆಸರಿನ ಹೊರತು. ಅದನ್ನು ನಾನು ಗೊಣಗಿರಲು ಸಾಧ್ಯವಿಲ್ಲ. ನನಗೇ ಗೊತ್ತಿಲ್ಲದ್ದನ್ನು ಹೇಗೆ ಗೊಣಗಲಿ.

ಊರಿಗೆ ಹೋಗಿ ಅಪ್ಪನ ತಮ್ಮ, ನಮ್ಮ ಕಾಕನನ್ನು ಕೇಳಿದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ನಡೆದದ್ದೇನೂ ಹೇಳದೆ, ನೀಲಮ್ಮನ ಕಡವು ಎಲ್ಲಿದೆ ಎಂದು ಮಾತ್ರ ಕೇಳಿದೆ. ಅವನ ಕೈ ನಿಂತಿತು.

“ಯಾರು ಹೇಳಿದ್ರು ನಿನಗ?”

ಒಬ್ಬ ಗೆಳೆಯ ಎಂದೆ. ಕಾಕ ಉಣ್ಣೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಹಾಲಹಳ್ಳ ದಾಟಿದ ಮೇಲೆ ಸಿಗುತ್ತಿದ್ದ ಹೊಳೆಯ ದಂಡೆ ಅದು. ಬೇಸಿಗೆಯಲ್ಲಿ ಮೊಣಕಾಲು ನೀರು, ಮಂದೆ ದಾಟಲು ಹೇಳಿ ಮಾಡಿಸಿದ ಜಾಗ.

“ಈಗ ಡ್ಯಾಮಿನ ನೀರಾಗ ಐತಿ. ನೀರು ನಿಂತ ವರ್ಷ ನಿಮ್ಮಪ್ಪ ಅಂದ, ಇನ್ ಮ್ಯಾಲ ಆ ಹೆಸರು ಬ್ಯಾಡ, ಬಿದ್ದ ಜೀವದ ಕಿವ್ಯಾಗ ಅದನ್ನ ಹೇಳಿದ್ರ ಅದು ನೀರಿನ ಕಡಿಗೇ ಹೋಗ್ತತಿ. ಅವತ್ತಿಂದ ನಾವು ಯಾರೂ ಹೇಳಿಲ್ಲಪಾ. ಆ ಜಾಗಕ್ಕ ಬಂದ್ರ ಉಸಿರು ಹಿಡೀತಿದ್ವಿ.”

ಇಷ್ಟೇ ನಡೆದದ್ದು. ಶರಣಪ್ಪನಿಗೆ ಬೇರೆ ಯಾರೋ ಕುರುಬರು ಎಂದೋ ಆ ಹೆಸರು ಹೇಳಿದ್ದರೇ ಎಂದು ಕೇಳಿದೆ. ಇಲ್ಲ ಎನ್ನುತ್ತಾನೆ. ಅವನ ಪಾಲಿಗೆ ಹೇಳಿದವನು ನಾನೇ. ನನಗೆ ಆ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದ ಅಪ್ಪ ಅದನ್ನು ಹೇಳುವುದನ್ನೇ ಬಿಟ್ಟಿದ್ದ. ಒಮ್ಮೊಮ್ಮೆ, ತೀರಿಕೊಂಡವರಿಗೆ ಆ ಕಡವು ಇನ್ನೂ ಮುಳುಗಿಲ್ಲವೇನೋ ಎಂಬ ಯೋಚನೆ ಬರುತ್ತದೆ. ಬಂದ ಕೂಡಲೇ ನಿಂಬೆಹಣ್ಣಿನ ಮಾಸ್ತರ ನನ್ನೊಳಗಿಂದಲೇ ಎದ್ದು, ಅವತ್ತು ನೀನೂ ಹಗಲೆಲ್ಲ ದಣಿದಿದ್ದಿ, ನಿನ್ನ ರಕ್ತದಲ್ಲಿ ಉಪ್ಪು ಎಷ್ಟಿತ್ತು ಎಂದು ಕೇಳುತ್ತಾನೆ. ಜೂನ್ ಬಂದರೆ ಈಗಲೂ ದಾಸವಾಳ ಉಜ್ಜಿ ನಿಂಬೆಹಣ್ಣು ಕೊಯ್ಯುತ್ತೇನೆ. ವಿಚಿತ್ರ ಅನುಭವ ಹೇಳಲು ಬಂದವರ ಮಾತಿನ ನಡುವೆ ಬಾಯಿ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ.

ಶರಣಪ್ಪನೂ ನಾನೂ ಇಂದಿಗೂ ಬೆಳಗಿನ ಹೊತ್ತು ಒಟ್ಟಿಗೆ ಓಡುತ್ತೇವೆ. ಇಬ್ಬರೂ ಆ ಸ್ಪರ್ಧೆ ಮುಗಿಸಲಿಲ್ಲ, ಇನ್ನೊಂದಕ್ಕೆ ಹೋಗಲೂ ಇಲ್ಲ. ದಣಿವಾದಾಗ ನಾನು ಈಗ ಮುಚ್ಚುಮರೆ ಇಲ್ಲದೆ ಹೆಸರುಗಳನ್ನು ಬಾಯಿಬಿಟ್ಟೇ ಹೇಳುತ್ತೇನೆ. ಹಾಲಹಳ್ಳ ಬಂದರೆ ನಿಲ್ಲುತ್ತೇನೆ. ಮುಂದಿನದು ಗೊತ್ತಿದ್ದರೂ ನನ್ನ ಬಾಯಿಂದ ಅದು ಹೊರಡುವುದಿಲ್ಲ, ಅಪ್ಪ ಬೇಡ ಅಂದದ್ದು. ಆಗ ಪಕ್ಕದಲ್ಲಿ ಓಡುತ್ತಿರುವ ಶರಣಪ್ಪ, ನನ್ನ ಕಡೆ ನೋಡುವುದೂ ಇಲ್ಲ, “ನೀಲಮ್ಮನ ಕಡವು ಬರ್ತತಿ” ಎಂದು ಹೇಳಿ ಮುಂದೆ ಹೋಗುತ್ತಾನೆ.